ಅಧ್ಯಕ್ಷರಿಗೆ ಸೊನ್ನೆ ಓಟು

ಎಲ್ಲದಕ್ಕೂ ಮೂಲ ಅಧ್ಯಕ್ಷರ ಹೆಸರು. ಅದು ಪರದೆಯ ಮೇಲೆ ಮೊದಲನೇ ಸಾಲಿನಲ್ಲೇ ಬರಬೇಕು, ದಪ್ಪ ಅಕ್ಷರದಲ್ಲೇ ಬರಬೇಕು, ಡಿಗ್ರಿ ಸಮೇತ ಬರಬೇಕು ಎಂದು ಅವರು ಹಟ ಹಿಡಿಯದೇ ಇದ್ದಿದ್ದರೆ, ಆ ಭಾನುವಾರ ಐದು ಮಹಡಿಯ ಆ ಕಟ್ಟಡದಲ್ಲಿ ಎಲ್ಲರೂ ಮಧ್ಯಾಹ್ನ ಉಂಡು ಹಾಯಾಗಿ ಮಲಗಿರುತ್ತಿದ್ದರು.

ಅಂದು ಕಟ್ಟಡದ ನಿವಾಸಿಗಳ ಸಂಘಕ್ಕೆ ಚುನಾವಣೆ. ಇಷ್ಟು ವರ್ಷ ಚೀಟಿ ಬರೆದು ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದರು. ಈ ಸಲ ಅಧ್ಯಕ್ಷರು ಸಾಫ್ಟ್‌ವೇರ್ ತರಿಸಿದ್ದರು. ಎಲ್ಲರೂ ಫೋನಿನಲ್ಲೇ ಓಟು ಒತ್ತುವುದು, ಕೆಳಗಿನ ಹಾಲ್‌ನ ಟಿವಿಯಲ್ಲಿ ಫಲಿತಾಂಶ ನೋಡುವುದು. ಯಾಕೆಂದರೆ ಪಕ್ಕದ ಕಟ್ಟಡದವರು ತರಿಸಿದ್ದರು. ಇದಕ್ಕಿಂತ ದೊಡ್ಡ ಕಾರಣ ಯಾವ ಅಧ್ಯಕ್ಷರಿಗೆ ಬೇಕು ಹೇಳಿ?

ತಂದದ್ದನ್ನು ಪರೀಕ್ಷೆ ಮಾಡಿ ನೋಡುವ ಹೊಣೆ ನಾಲ್ಕನೇ ಮಹಡಿಯ ಬಾಡಿಗೆದಾರನ ಕುತ್ತಿಗೆಗೆ ಬಿತ್ತು. ಕಟ್ಟಡದವರೆಲ್ಲ ಅವನನ್ನು ‘ಚೆಕಿಂಗ್’ ಎನ್ನುತ್ತಿದ್ದರು. ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ಕಂಪನಿಯಲ್ಲಿ ಅವನ ಕೆಲಸ. ಮನೆಯಲ್ಲಿ ಅದೇ ಕೆಲಸವನ್ನು ಅವನ ಹೆಂಡತಿ ಅವನ ಮೇಲೆ ಸಂಬಳವಿಲ್ಲದೆ ಮಾಡುತ್ತಿದ್ದಳು.

ಚೆಕಿಂಗ್‌ಗೆ ‘ಆಗಲ್ಲ’ ಎನ್ನುವ ಹಾಗಿರಲಿಲ್ಲ. ಅವನಿದ್ದ ಮನೆ ಅಧ್ಯಕ್ಷರದೇ. ಬಾಡಿಗೆ ಕರಾರು ಆ ತಿಂಗಳಿಗೆ ಮುಗಿಯುತ್ತಿತ್ತು. ಮದುವೆಯಾದಾಗಿನಿಂದ ಮನೆಯಿಂದ ಮನೆಗೆ ಸಾಮಾನು ಹೊತ್ತು ಹೊತ್ತು ಹೆಂಡತಿ ಬೇಸತ್ತಿದ್ದಳು. “ಇನ್ನೊಂದ್ಸಲ ಪೆಟ್ಟಿಗೆ ಕಟ್ಟು ಅಂದ್ರೆ, ನಿಮ್ಮನ್ನೇ ಅದರೊಳಗೆ ಕೂರಿಸಿ ಟೇಪು ಸುತ್ತಿಬಿಡ್ತೀನಿ” ಎಂದು ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವ ಹೆಂಗಸು. ಕರಾರಿನ ಮಾತೆತ್ತಿದಾಗಲೆಲ್ಲ ಅಧ್ಯಕ್ಷರು, “ಚುನಾವಣೆ ಸುಸೂತ್ರವಾಗಿ ಆಗ್ಲಪ್ಪಾ. ಅವತ್ತು ಸಾಯಂಕಾಲಾನೇ ಸೈನ್ ಹಾಕೋಣ” ಎನ್ನುತ್ತಿದ್ದರು.

ಹಾಗಾಗಿ ಭಾನುವಾರ ಬೆಳಿಗ್ಗೆ ಚೆಕಿಂಗ್ ಹಾಲ್‌ನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ಕೂತ. ಅಧ್ಯಕ್ಷರು ಬೆನ್ನ ಹಿಂದೆ ನಿಂತರು.

“ಸಾರ್, ಪರೀಕ್ಷೆಗೆ ನಿಜವಾದ ಹೆಸರು ಬೇಡ. ಸೇಬು, ಬಾಳೆಹಣ್ಣು ಅಂತ ಎರಡು ಸುಳ್ಳು ಹೆಸರು ಹಾಕ್ತೀನಿ.”

“ನಾನೇನು ಬಾಳೆಹಣ್ಣೇನಯ್ಯಾ?”

“ಇಲ್ಲ ಸಾರ್, ನೀವು ಸೇಬು.”

“ಸೇಬೂ ಬೇಡ, ಗೀಬೂ ಬೇಡ. ನನ್ನ ಹೆಸರೇ ಹಾಕು. ಟಿವಿಲಿ ಹೇಗೆ ಕಾಣುತ್ತೆ ಅಂತ ನೋಡೋದು ಬೇಡ್ವಾ? ಮೊದಲ್ನೇ ಸಾಲಲ್ಲಿ ಹಾಕು. ಆ ಡಾಕ್ಟ್ರಮ್ಮನ್ನ ಕೆಳಗೆಲ್ಲಾದ್ರೂ ಹಾಕ್ಕೋ.”

ಡಾಕ್ಟ್ರಮ್ಮ ಎಂದರೆ ನೆಲಮಹಡಿಯಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದ ಹಲ್ಲಿನ ವೈದ್ಯೆ. ಗೆದ್ದರೆ ಲಿಫ್ಟು ರಿಪೇರಿ ಮಾಡಿಸುತ್ತೇನೆ ಎಂಬ ಒಂದೇ ಮಾತಿನ ಮೇಲೆ ಅಧ್ಯಕ್ಷರ ವಿರುದ್ಧ ನಿಂತಿದ್ದರು. ಲಿಫ್ಟು ಕೆಟ್ಟು ಎಷ್ಟೋ ತಿಂಗಳಾಗಿತ್ತು. ಐದನೇ ಮಹಡಿಯಲ್ಲಿದ್ದೂ ಅಧ್ಯಕ್ಷರು ಅದರ ಗೊಡವೆಗೆ ಹೋಗಿರಲಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್ಟಿಲು ಹತ್ತಿ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ತಾವು ಹತ್ತುವಾಗ ಇಡೀ ಕಟ್ಟಡವೂ ಹತ್ತಲಿ ಎಂಬ ಸಮಾನತೆಯ ಮನುಷ್ಯ ಅವರು.

ಮುಂದೆ ಮೂರು ಇನಿಷಿಯಲ್ಲು, ಹಿಂದೆ ಎರಡು ಡಿಗ್ರಿ, ಮಧ್ಯೆ ಎಲ್ಲೋ ಹೆಸರು. ಅಷ್ಟನ್ನೂ ಮೊದಲ ಸಾಲಿನಲ್ಲಿ ಹೊಂದಿಸಿದ ಮೇಲೆ ಅಧ್ಯಕ್ಷರು ಖುಷಿಯಾಗಿ ಮೀಸೆಗೆ ಬಣ್ಣ ಹಚ್ಚಿಕೊಳ್ಳಲು ಮೇಲೆ ಹೋದರು.

ಆ ಸಾಫ್ಟ್‌ವೇರಿನಲ್ಲಿ ನಕಲಿ ಚುನಾವಣೆ ನಡೆಸುವ ವ್ಯವಸ್ಥೆ ಇತ್ತು. ಯಾರಿಗೆ ಎಷ್ಟು ಓಟು ಎಂದು ಹೇಳಿದರೆ ಜನರ ಪರವಾಗಿ ತಾನೇ ಓಟು ಒತ್ತಿ, ಎಣಿಸಿ, ಫಲಿತಾಂಶ ಹೇಳುತ್ತದೆ. ಎಣಿಕೆ ಸರಿಯಿದೆಯೇ ಎಂದು ನೋಡಿಕೊಳ್ಳಬಹುದು. ಚೆಕಿಂಗ್ ತನ್ನ ಕಸುಬಿನ ಪದ್ಧತಿಯಂತೆ ಸೊನ್ನೆಯಿಂದ ಶುರು ಮಾಡಿದ. ಸಾಫ್ಟ್‌ವೇರುಗಳು ಲಕ್ಷ ಕಂಡರೂ ಹೆದರುವುದಿಲ್ಲ, ಸೊನ್ನೆ ಕಂಡರೆ ಮೂರ್ಛೆ ಹೋಗುತ್ತವೆ. ಅದಕ್ಕೇ ಮೊದಲ ಸಾಲಿಗೆ ಸೊನ್ನೆ, ಎರಡನೇ ಸಾಲಿಗೆ ಪೂರ್ತಿ ಓಟು. ಕಂಪನಿ ಸೇರಿದ ದಿನದಿಂದ ಅವನು ಮಾಡಿಕೊಂಡು ಬಂದದ್ದೇ ಅದು. ಮೊದಲ ಸಾಲಿನಲ್ಲಿ ಯಾರಿದ್ದಾರೆ ಎಂದು ಅವನು ಯೋಚಿಸಲಿಲ್ಲ. ಒತ್ತಿದ.

ಟಿವಿಯಲ್ಲಿ ಫಲಿತಾಂಶ ಚೆನ್ನಾಗಿಯೇ ಬಂತು. ಅಷ್ಟರಲ್ಲಿ ಅವನ ಜೇಬಿನ ಫೋನು ಟಿಣ್ ಎಂದಿತು. ಬಾಗಿಲಲ್ಲಿದ್ದ ವಾಚ್‌ಮನ್‌ನ ಫೋನು ಟಿಣ್ ಎಂದಿತು. ಆಮೇಲೆ ಮೊದಲ ಮಹಡಿ, ಎರಡನೇ ಮಹಡಿ, ಹಾಗೇ ಐದನೇ ಮಹಡಿಯವರೆಗೂ ಟಿಣ್ ಟಿಣ್ ಎನ್ನುತ್ತಾ ಹೋಯಿತು. ಪರೀಕ್ಷೆಯ ಫಲಿತಾಂಶ ಎಲ್ಲರ ಫೋನಿಗೂ ಹೋಗಿಬಿಟ್ಟಿತ್ತು!

ತಪ್ಪು ಸಿಕ್ಕಿತು ಎಂದು ಚೆಕಿಂಗ್ ಅರೆಗಳಿಗೆ ಹಿಗ್ಗಿದ. ಅಭ್ಯಾಸ ಬಲ ನೋಡಿ. ಆಮೇಲೆ ಮೆಸೇಜು ಓದಿದ. “ಚುನಾವಣಾ ಫಲಿತಾಂಶ. ಹಾಲಿ ಅಧ್ಯಕ್ಷರು: ಸೊನ್ನೆ. ಡಾಕ್ಟರ್ ಮೇಡಂ: ಎಲ್ಲ ಓಟು. ನೂತನ ಅಧ್ಯಕ್ಷರಿಗೆ ಅಭಿನಂದನೆಗಳು.”

ಮೊದಲು ಫೋನು ಮಾಡಿದ್ದು ಹೆಂಡತಿ. “ರೀ, ಏನ್ರೀ ಇದು? ಓನರ್‌ಗೆ ಸೊನ್ನೆ ಅಂತ ಬಂದಿದೆ!”

“ಅದು ಟೆಸ್ಟು ಕಣೇ.”

“ಟೆಸ್ಟಾದ್ರೆ ಏನಾಯ್ತು? ಒಂದು ಹತ್ತು ಓಟು ಕೊಟ್ಟಿದ್ರೆ ನಿಮ್ಮಪ್ಪನ ಗಂಟೇನು ಹೋಗ್ತಿತ್ತು? ಸಾಯಂಕಾಲ ಸೈನ್ ಹಾಕ್ಬೇಕಾದ ಮನುಷ್ಯ ಅವರು!”

ಅವಳ ಮಾತು ಮುಗಿಯುವ ಮುಂಚೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಅಧ್ಯಕ್ಷರು ಇಳಿದು ಬಂದರು. ಮೀಸೆಯ ಎಡಭಾಗ ಕಪ್ಪಗಿತ್ತು, ಬಲಭಾಗ ಬೆಳ್ಳಗೇ ಉಳಿದಿತ್ತು. ಐದು ಮಹಡಿ ಓಡಿ ಇಳಿದಿದ್ದರಿಂದ ಅವರಿಗೆ ಬಯ್ಯಲು ಉಸಿರೇ ಇರಲಿಲ್ಲ. ಕುರ್ಚಿ ಎಳೆದು ಕೂತು, ಏದುಸಿರು ಬಿಟ್ಟು, ಆಮೇಲೆ ಶುರು ಮಾಡಿದರು.

“ಸೊನ್ನೆ ಅಂದ್ರೇನಯ್ಯಾ? ನಾನೇ ನನಗೆ ಹಾಕಲ್ವಾ? ನನ್ನ ಹೆಂಡ್ತಿ ಹಾಕಲ್ವಾ? ಅತ್ತೆ, ಬಾಮೈದ... ನಮ್ಮ ಮನೇಲೇ ನಾಲ್ಕು ಓಟಿದೆ!”

“ಸಾರ್, ಕಂಪ್ಯೂಟರ್‌ಗೆ ಏನೂ ಗೊತ್ತಿಲ್ಲ. ಸೊನ್ನೆ ಅಂತ ಒತ್ತಿದ್ದು ನಾನೇ.”

“ಓಹೋ! ನೀನೇ ಒತ್ತಿದ್ದಾ?”

ಸತ್ಯ ಹೇಳಿದರೆ ಒಳ್ಳೆಯದಾಗುತ್ತದೆ ಎಂದು ಚಿಕ್ಕಂದಿನಲ್ಲಿ ಅವನಿಗೆ ಯಾರು ಹೇಳಿಕೊಟ್ಟಿದ್ದರೋ ಪಾಪ, ಅವರು ಇವತ್ತು ಅಲ್ಲಿರಲಿಲ್ಲ. ಇದ್ದವರು ಮೂರನೇ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು. ಅಂದಿನ ಚುನಾವಣಾಧಿಕಾರಿ. ಯಾರ ಮನೆಯಲ್ಲಿ ಹೊಗೆಯಾಡಿದರೂ ಬೀಸಣಿಗೆ ಹಿಡಿದು ಓಡಿಬರುವ ಉಪಕಾರಿ. ಅವರು ಕನ್ನಡಕ ಸರಿಮಾಡಿಕೊಂಡು ಹೇಳಿದರು: “ಇರ್ಲಿ ಅಧ್ಯಕ್ಷರೇ, ಯಾವುದಕ್ಕೂ ಮನೇಲಿ ಒಂದ್ಸಲ ವಿಚಾರಿಸಿಬಿಡಿ. ನಿಮ್ಮ ಅತ್ತೆಯವರು ಹಲ್ಲಿನ ಸೆಟ್ ಮಾಡಿಸ್ಕೊಂಡಿದ್ದು ಡಾಕ್ಟ್ರಮ್ಮನ ಹತ್ರಾನೇ ಅಲ್ವೇ?”

ಅಧ್ಯಕ್ಷರ ಮೀಸೆಯ ಎರಡೂ ಭಾಗ ಅದುರಿದವು. ಎದ್ದು ಮೇಲೆ ಹೋದರು.

ಮೇಲೆ ನಡೆದದ್ದನ್ನು ಯಾರೂ ಬಂದು ಹೇಳಬೇಕಾಗಿರಲಿಲ್ಲ. ಬಾಗಿಲು ತೆರೆದೇ ಇತ್ತು, ಮೆಟ್ಟಿಲ ತುಂಬ ಜನ ಇದ್ದರು. ಅಧ್ಯಕ್ಷರ ಹೆಂಡತಿಯ ಧ್ವನಿ ನೆಲಮಹಡಿಯವರೆಗೂ ಇಳಿದು ಬಂತು. “ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ, ಓಟು ಯಾರಿಗೆ ಹಾಕ್ತೀಯಾ ಅಂತ ನನ್ನನ್ನ ಕೇಳ್ತೀರಾ? ಯಾವುದೋ ಡಬ್ಬಿ ಹೇಳ್ತು ಅಂತ ಹೆಂಡ್ತಿ ಮೇಲೆ ಅನುಮಾನಾನಾ? ನಾಚಿಕೆ ಆಗಲ್ವಾ ನಿಮಗೆ?” ಅತ್ತೆಯವರಂತೂ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ಅಳಿಯನ ಅಂಗೈಯಲ್ಲಿಟ್ಟು ಏನೋ ಅಂದರು. ಹಲ್ಲಿಲ್ಲದೆ ಅಂದದ್ದರಿಂದ ಮಾತು ಅರ್ಥವಾಗಲಿಲ್ಲ. ಅಭಿನಂದನೆ ಅಲ್ಲ ಎಂಬುದು ಮಾತ್ರ ಎಲ್ಲರಿಗೂ ತಿಳಿಯಿತು.

ಅಧ್ಯಕ್ಷರು ಮತ್ತೆ ಇಳಿದು ಬಂದರು. ಬೆಳಿಗ್ಗೆಯಿಂದ ಅವರ ಸಕ್ಕರೆ ಕಾಯಿಲೆಗೆ ಒಳ್ಳೆಯದೇ ಆಗುತ್ತಿತ್ತು.

“ಹೇಗೆ ಕೆಡಿಸಿದೆಯೋ ಹಾಗೇ ಸರಿ ಮಾಡು. ಈಗ ಎಲ್ಲ ಓಟು ನನಗೆ, ಸೊನ್ನೆ ಅವರಿಗೆ. ಕಳಿಸು ಎಲ್ಲರಿಗೂ.”

“ಸಾರ್, ಬೇಡ ಸಾರ್. ಇದು ಬರೀ ಪರೀಕ್ಷೆ ಅಂತ ಒಂದು ಮೆಸೇಜ್ ಹಾಕಿದ್ರೆ ಸಾಕು...”

“ಅದನ್ನ ಯಾರು ನಂಬ್ತಾರೆ? ಸಾಯಂಕಾಲ ಅಗ್ರಿಮೆಂಟ್ ಇದೆ ಅನ್ನೋದು ನೆನಪಿದೆಯೋ ಇಲ್ವೋ?”

ನೆನಪಿತ್ತು. ಒತ್ತಿದ. ಕಟ್ಟಡದ ತುಂಬ ಮತ್ತೆ ಟಿಣ್ ಟಿಣ್ ಎಂದಿತು.

ಈಗ ನೋಡಿ, ಮೊದಲನೇ ಮೆಸೇಜನ್ನು ತಮಾಷೆ ಎಂದುಕೊಂಡಿದ್ದವರೂ ಎದ್ದು ಕೂತರು. “ಮೊದಲು ಬಂದದ್ದೇ ನಿಜವಾದದ್ದು. ಆಮೇಲೆ ಅಧ್ಯಕ್ಷರು ಓಡಿ ಹೋಗಿ ತಿದ್ದಿಸಿದ್ದಾರೆ. ನಾನೇ ಕಣ್ಣಾರೆ ನೋಡ್ದೆ, ಬಣ್ಣ ಹಚ್ಚೋದನ್ನೂ ಬಿಟ್ಟು ಓಡ್ತಿದ್ರು” ಎಂದು ವಾಚ್‌ಮನ್ ಬಂದವರಿಗೆಲ್ಲ ವರದಿ ಕೊಟ್ಟ. ಓಟು ಹಾಕುವ ಮುಂಚೆ ಫಲಿತಾಂಶ ಹೇಗೆ ಬರುತ್ತದೆ ಎಂದು ಒಬ್ಬರಾದರೂ ಕೇಳಬೇಕೇ! ಹೆಡ್‌ಮೇಷ್ಟ್ರು ಎರಡೂ ಫಲಿತಾಂಶವನ್ನು ಕೂಡಿಸಿ ಎರಡರಿಂದ ಭಾಗಿಸಿ, “ಸಮ ಸಮ ಬರುತ್ತೆ. ನ್ಯಾಯವಾಗಿ ನೋಡಿದ್ರೆ ಇಬ್ಬರೂ ಅರ್ಧರ್ಧ ವರ್ಷ ಅಧ್ಯಕ್ಷರಾಗ್ಬೇಕು” ಎಂದು ತೀರ್ಪು ಕೊಟ್ಟರು.

ಚೆಕಿಂಗ್ ಕ್ಷಮೆ ಕೇಳಲು ಡಾಕ್ಟ್ರಮ್ಮನ ಕ್ಲಿನಿಕ್ಕಿಗೆ ಹೋದ. ಹೊರಗೆ ಉದ್ದ ಸಾಲು. ಸಾಲಿನಲ್ಲಿ ಒಬ್ಬರಿಗೂ ಹಲ್ಲು ನೋವಿರಲಿಲ್ಲ. ಒಬ್ಬರಿಗೆ ನಲ್ಲಿ ಸೋರುತ್ತಿತ್ತು, ಇನ್ನೊಬ್ಬರ ಸ್ಕೂಟರ್ ಜಾಗದಲ್ಲಿ ಮತ್ತೊಬ್ಬರು ಕಾರು ನಿಲ್ಲಿಸುತ್ತಿದ್ದರು. ಒಳಗೆ ಕುರ್ಚಿಯಲ್ಲಿ ಒರಗಿದ್ದವರು ಬಾಯಿ ತೆರೆದಾಗ ಡಾಕ್ಟ್ರಮ್ಮ ಆಸೆಯಿಂದ ಬಗ್ಗಿದರು. “ಹಲ್ಲಲ್ಲ ಮೇಡಂ, ಮೇಲಿನ ಮನೆಯೋರ ಬಾತ್‌ರೂಮಿಂದ ನಮ್ಮ ಗೋಡೆ ಒದ್ದೆ” ಎಂದು ಅವರು ಶುರುಮಾಡಿದರು.

ಡಾಕ್ಟ್ರಮ್ಮ ಚೆಕಿಂಗ್‌ನನ್ನು ಮೂಲೆಗೆ ಕರೆದರು. “ಬೆಳಿಗ್ಗೆಯಿಂದ ನನ್ನನ್ನ ಅಧ್ಯಕ್ಷೆ ಮಾಡಿ ಕೂರಿಸಿದ್ದೀಯಲ್ಲಪ್ಪಾ, ಇಳಿಸೋ ಬಟನ್ ಯಾವುದು?”

“ಎರಡನೇ ಮೆಸೇಜಲ್ಲಿ ಇಳಿಸಿದ್ನಲ್ಲ ಮೇಡಂ?”

“ಅದು ಬಂದ್ಮೇಲೆ ಜಾಸ್ತಿ ಆದ್ರು. ನಿಮಗೆ ಅನ್ಯಾಯ ಆಗಿದೆ ಅಂತ ಸಮಾಧಾನ ಹೇಳೋಕೆ ಬಂದೋರೆಲ್ಲ ಒಂದೊಂದು ದೂರು ಬಿಟ್ಟು ಹೋದ್ರು. ನಾನು ಹೇಳಿದ್ದು ಲಿಫ್ಟ್ ಒಂದೇ ಕಣಪ್ಪಾ!”

ಮಧ್ಯಾಹ್ನದ ಹೊತ್ತಿಗೆ ಚೆಕಿಂಗ್ ಮೈಯೆಲ್ಲ ಕಣ್ಣಾಗಿ ಕೆಲಸ ಮಾಡಿದ. ಹೆಡ್‌ಮೇಷ್ಟ್ರ ಎದುರೇ ನಕಲಿ ಓಟನ್ನೆಲ್ಲ ಅಳಿಸಿ, ಫೋನಿಗೆ ಹೋಗುವ ಮೆಸೇಜು ನಿಲ್ಲಿಸಿ, ಇಬ್ಬರ ಹೆಸರಿನ ಮುಂದೆಯೂ ಏನೂ ಇಲ್ಲ ಎಂದು ತೋರಿಸಿದ. ಮೇಷ್ಟ್ರು ಸರಿ ಎಂದು ತಲೆಯಾಡಿಸಿದರು. ನಿಜವಾದ ಮತದಾನ ಶುರುವಾಯಿತು.

ಓಟು ಗುಪ್ತ. ಆದರೆ ಕತೆ ಹೇಳುವವರಿಗೆ ಎಲ್ಲರ ಮನೆಯೂ ತೆರೆದೇ ಇರುತ್ತದಲ್ಲ. ಅಧ್ಯಕ್ಷರ ಹೆಂಡತಿ ತಿಗಣೆ ಹೊಸಕುವ ಹಾಗೆ ಹೆಬ್ಬೆರಳಿಂದ ಡಾಕ್ಟ್ರಮ್ಮನ ಹೆಸರು ಒತ್ತಿದರು. ಅತ್ತೆಯವರು ಹಲ್ಲಿನ ಋಣ ತೀರಿಸಿದರು. ಬಾಮೈದ, ‘ಹೇಗಿದ್ರೂ ಅಕ್ಕ ಹಾಕಿರ್ತಾಳೆ, ನನ್ನದೊಂದು ಲಿಫ್ಟಿಗಿರಲಿ’ ಎಂದುಕೊಂಡ. ಅಧ್ಯಕ್ಷರನ್ನು ಕಂಡು ಕನಿಕರಪಟ್ಟವರೂ ಇದ್ದರು. ಆದರೆ ಅವರೂ ‘ಮನೆಯವರಂತೂ ಹಾಕಿರ್ತಾರೆ ಬಿಡು’ ಎಂದುಕೊಂಡು ತಮ್ಮ ಓಟನ್ನು ಲಿಫ್ಟಿಗೇ ಕೊಟ್ಟರು.

ಚೆಕಿಂಗ್ ಮಾತ್ರ ಅಧ್ಯಕ್ಷರಿಗೇ ಹಾಕಬೇಕು ಎಂದು ಗಟ್ಟಿ ಮನಸ್ಸು ಮಾಡಿದ್ದ. ಚಾರ್ಜರ್ ತರಲು ನಾಲ್ಕನೇ ಮಹಡಿ ಹತ್ತುತ್ತಾ, ಅರ್ಧದಲ್ಲಿ ಮಂಡಿ ಹಿಡಿದುಕೊಂಡು ನಿಂತು ಫೋನು ತೆಗೆದ. ಮಂಡಿಗೂ ಹೆಬ್ಬೆರಳಿಗೂ ಏನು ಸಂಬಂಧವೋ ಗೊತ್ತಿಲ್ಲ. ಒತ್ತಿದ ಮೇಲೆ ಅವನು ಸುತ್ತಮುತ್ತ ಯಾರಾದರೂ ನೋಡಿದರೇ ಎಂದು ಕಳ್ಳನ ಹಾಗೆ ತಿರುಗಿ ನೋಡಿದ.

ಅಧ್ಯಕ್ಷರೂ ಹಾಲ್‌ನ ಮೂಲೆಗೆ ಹೋಗಿ ಒತ್ತಿದರು. ಒತ್ತುವಾಗ ಅವರ ಮುಖದಲ್ಲಿ ಒಂದು ಜಾಣ ನಗೆ ಇತ್ತು.

ಸಾಯಂಕಾಲ ಹಾಲ್ ತುಂಬಿತು. ಚೆಕಿಂಗ್‌ನ ಹೆಂಡತಿ ಕರಾರಿನ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಒಂದಕ್ಕೆ ಎರಡು ಪೆನ್ನು ಹಿಡಿದು ಹಿಂದಿನ ಸಾಲಿನಲ್ಲಿ ಕೂತಳು. ಹೆಡ್‌ಮೇಷ್ಟ್ರು ಗಂಟಲು ಸರಿಮಾಡಿಕೊಂಡು, “ಹೂಂ, ಒತ್ತಪ್ಪಾ” ಎಂದರು. ಚೆಕಿಂಗ್ ಒತ್ತಿದ.

ಮೊದಲ ಸಾಲಿನಲ್ಲಿ ಮೂರು ಇನಿಷಿಯಲ್ಲು, ಹೆಸರು, ಎರಡು ಡಿಗ್ರಿ. ಅದರ ಮುಂದೆ ಸೊನ್ನೆ.

ತನ್ನ ಓಟು ಎಲ್ಲಿಗೆ ಹೋಯಿತು ಎಂದು ಚೆಕಿಂಗ್‌ಗೆ ಗೊತ್ತಿತ್ತು. ಆದರೆ ಅಧ್ಯಕ್ಷರು ತಮಗೆ ತಾವು ಹಾಕಿಕೊಂಡೇ ಇರುತ್ತಾರಲ್ಲ? ಒಂದಾದರೂ ಇರಬೇಕಲ್ಲ? ಹಾಗಾದರೆ ಎಣಿಕೆಯಲ್ಲಿ ನಿಜವಾಗಿಯೂ ದೋಷ ಇದೆ, ತಾನು ಹಿಡಿಯಲಿಲ್ಲ ಎಂದುಕೊಂಡ.

ಅಧ್ಯಕ್ಷರು ಎದ್ದು ನಿಂತು ಮೇಜು ಗುದ್ದಿದರು. “ಮೋಸ! ನಾನೇ ನನಗೆ ಓಟು ಹಾಕಿದ್ದೀನಿ. ಎಲ್ಲಿ ಹೋಯ್ತು ಅದು?”

ಎಲ್ಲರೂ ಅಧ್ಯಕ್ಷರ ಹೆಂಡತಿಯ ಕಡೆ ನೋಡಿದರು. ಅಷ್ಟು ಜನರ ಮುಂದೆ ಆಕೆ ಇನ್ನೇನು ಹೇಳಿಯಾರು? “ನಾನೂ ಹಾಕಿದ್ದೀನಪ್ಪಾ, ಕಟ್ಟಿಕೊಂಡ ಗಂಡ ಅಲ್ವೇ” ಎಂದರು. ಅತ್ತೆಯವರು ಈ ಸಲ ಹಲ್ಲು ಕಟ್ಟಿಕೊಂಡೇ, “ನಾನೂ ಅಳಿಯಂಗೇ” ಎಂದರು. ಬಾಮೈದ “ಭಾವಂಗೇ” ಎಂದ. ಅಲ್ಲಿಂದ ಶುರುವಾಯಿತು ನೋಡಿ. ಮೊದಲ ಸಾಲಿನವರಿಗೆ ಮುಖ ಉಳಿಸಿಕೊಳ್ಳಬೇಕಿತ್ತು, ಎರಡನೇ ಸಾಲಿನವರು ಮೊದಲ ಸಾಲಿನವರನ್ನು ನೋಡಿದರು. “ಸಾರ್, ನಾನೂ ನಿಮಗೇ ಹಾಕಿದ್ದು.” “ನಮ್ಮ ಮನೇದೆಲ್ಲ ನಿಮಗೇ ಸಾರ್.”

“ಗಲಾಟೆ ಬೇಡ. ಅಧ್ಯಕ್ಷರಿಗೆ ಹಾಕಿದೋರು ಕೈ ಎತ್ತಿ” ಎಂದರು ಹೆಡ್‌ಮೇಷ್ಟ್ರು, ತಾವೇ ಮೊದಲು ಕೈ ಎತ್ತುತ್ತಾ.

ಹಾಲ್ ತುಂಬ ಕೈಗಳೇ ಎದ್ದವು. ಎಲ್ಲಕ್ಕಿಂತ ಎತ್ತರಕ್ಕೆ ಹೋದ ಕೈ ಡಾಕ್ಟ್ರಮ್ಮನದು. “ಸ್ಪರ್ಧೆ ಬೇರೆ, ಗೌರವ ಬೇರೆ. ನಾನೂ ಅಧ್ಯಕ್ಷರಿಗೇ ಹಾಕಿದ್ದು” ಎಂದು, ಜೈಲಿನಿಂದ ಬಿಡುಗಡೆಯಾದವರ ಹಾಗೆ ನಕ್ಕರು.

ಏಳದೇ ಉಳಿದದ್ದು ಒಂದೇ ಕೈ. ಲ್ಯಾಪ್‌ಟಾಪಿನ ಮುಂದೆ ಕೂತವನದು. ಇಡೀ ಕಟ್ಟಡ ತಿರುಗಿ ಅವನನ್ನು ನೋಡಿತು. ಅಧ್ಯಕ್ಷರು ಅರ್ಧ ಕಪ್ಪು ಮೀಸೆಯ ಮೇಲಿಂದ ನೋಡಿದರು. ಹಿಂದಿನ ಸಾಲಿನಲ್ಲಿ ಹೆಂಡತಿ ಕರಾರಿನ ಕಾಗದ ತೋರಿಸಿ, ಕಣ್ಣು ದೊಡ್ಡದು ಮಾಡಿ, ‘ಎತ್ತಿ, ಎತ್ತಿ’ ಎಂದು ಸನ್ನೆ ಮಾಡುತ್ತಿದ್ದಳು. ಅವಳ ಕೈ ಆಗಲೇ ಮೇಲಿತ್ತು.

ಎತ್ತದಿದ್ದರೆ ಮನೆ ಓನರ್‌ಗೆ ಓಟು ಹಾಕದವನು ಲೋಕದಲ್ಲಿ ಇವನೊಬ್ಬನೇ ಆಗುತ್ತಾನೆ. ಎತ್ತಿದರೆ ಇವನು ಸರಿಯಿದೆ ಎಂದ ಸಾಫ್ಟ್‌ವೇರು ಸುಳ್ಳಾಗುತ್ತದೆ. ಸಾಫ್ಟ್‌ವೇರಿಗೆ ಮನೆ ಬೇಕಾಗಿಲ್ಲ, ಅವನಿಗೆ ಬೇಕು. ಎತ್ತಿದ.

“ನಾನೂ ನಿಮಗೇ ಹಾಕಿದ್ದು ಸಾರ್.”

“ಮುಗೀತಲ್ಲ!” ಹೆಡ್‌ಮೇಷ್ಟ್ರು ಮೇಜು ತಟ್ಟಿದರು. “ಚೆಕ್ ಮಾಡಿದೋನೇ ಒಪ್ಪಿಕೊಂಡ್ಮೇಲೆ ಇನ್ನೇನಿದೆ? ಸಾಫ್ಟ್‌ವೇರ್ ಮೋಸ, ಚುನಾವಣೆ ರದ್ದು. ಕೈ ಎತ್ತಿದ ಪ್ರಕಾರ ಹಾಲಿ ಅಧ್ಯಕ್ಷರೇ ಸರ್ವಾನುಮತದಿಂದ ಆಯ್ಕೆ.”

ಚಪ್ಪಾಳೆ ಬಿತ್ತು. ಅವರನ್ನು ಬೇಡವೆಂದವರೆಲ್ಲ ಅಂಗೈ ಕೆಂಪಾಗುವ ಹಾಗೆ ತಟ್ಟಿದರು. ಜನ ಕರಗಿದ ಮೇಲೆ ಚೆಕಿಂಗ್ ಕಾಗದ, ಪೆನ್ನು ಹಿಡಿದು ಅಧ್ಯಕ್ಷರ ಹತ್ತಿರ ಹೋದ.

“ಸಾರ್, ಸಾಫ್ಟ್‌ವೇರಲ್ಲಿ ದೋಷ ಇದ್ದದ್ದು ನನಗೆ ಗೊತ್ತಾಗ್ಲಿಲ್ಲ, ಕ್ಷಮಿಸ್ಬೇಕು. ಈ ಸೈನು...”

ಅಧ್ಯಕ್ಷರು ಅತ್ತಿತ್ತ ನೋಡಿ ಅವನ ಕಿವಿಯ ಹತ್ತಿರ ಬಗ್ಗಿದರು. “ದೋಷ ಏನೂ ಇಲ್ಲ ಕಣಯ್ಯಾ. ಎಣಿಕೆ ಸರಿಯಾಗಿದೆ ಅಂತ ನನಗೊಬ್ಬನಿಗೆ ಗೊತ್ತು.”

“ಹೇಗೆ ಸಾರ್?”

“ಬೆಳಿಗ್ಗೆಯಿಂದ ನೀನು ಟೆಸ್ಟು ಟೆಸ್ಟು ಅಂತಿದ್ಯಲ್ಲ, ನಾನೂ ಒಂದು ಟೆಸ್ಟ್ ಮಾಡಿದೆ. ನನ್ನ ಓಟನ್ನ ಡಾಕ್ಟ್ರಮ್ಮಂಗೆ ಹಾಕಿದೆ, ಸರಿಯಾಗಿ ಅಲ್ಲಿಗೇ ಹೋಗುತ್ತಾ ಅಂತ. ಅಷ್ಟು ಜನ ಹಾಕ್ತಾರೆ, ನನ್ನದೊಂದು ಹೋದ್ರೇನು ಅಂದ್ಕೊಂಡೆ. ಅಲ್ಲಿಗೇ ಹೋಗಿದೆ.” ಅವರು ನೆಟ್ಟಗಾದರು. “ಅಂದ್ಮೇಲೆ ನೀನು ನನಗೆ ಹಾಕಿಲ್ಲ. ಮಿಕ್ಕೋರನ್ನ ನಾನೇನೂ ಮಾಡೋಕಾಗಲ್ಲ, ಅವರವರ ಮನೆ ಅವರದು. ನಿನ್ನದು ನನ್ನದು. ತಿಂಗಳ ಕೊನೆಗೆ ಖಾಲಿ ಮಾಡು.”

ಚೆಕಿಂಗ್ ಇಂಗು ತಿಂದ ಮಂಗನ ಹಾಗೆ ನಾಲ್ಕು ಮಹಡಿ ಹತ್ತಿದ. ಮುಖ ನೋಡಿದ ಕೂಡಲೇ ಹೆಂಡತಿಗೆ ಗೊತ್ತಾಯಿತು. ಕುರ್ಚಿ ಹಾಕಿಕೊಂಡು ಅಟ್ಟದಿಂದ ಹಳೆಯ ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗೆ ಎಸೆದಳು. ಟೇಪಿನ ಸುರುಳಿ ಹುಡುಕುತ್ತಾ ಕೇಳಿದಳು:

“ನಿಜ ಹೇಳಿ. ಯಾರಿಗೆ ಹಾಕಿದ್ರಿ?”

“ಡಾಕ್ಟ್ರಮ್ಮಂಗೆ.” ಅವನು ಟೇಪಿನ ಕಡೆ ನೋಡುತ್ತಾ ಎರಡು ಹೆಜ್ಜೆ ಹಿಂದೆ ಸರಿದ. “ನೀನು?”

ಅವಳು ಗೋಡೆಗೆ ಒರಗಿದ್ದ ಕಬ್ಬಿಣದ ಬೀರುವನ್ನು ನೋಡಿದಳು, ಹೊರಗಿನ ಮೆಟ್ಟಿಲನ್ನು ನೋಡಿದಳು.

“ನಾನೂ ಅವರಿಗೇ ಹಾಕಿದ್ದು” ಎಂದಳು. “ಲಿಫ್ಟ್ ಸರಿಹೋಗುತ್ತೆ ಅಂತ.”